ಆನೆ ಎಲ್ಲಿಂದ ಬಂತು?

ಮೇ ತಿಂಗಳ ಒಂದು ಭಾನುವಾರ. ಕಲಬುರಗಿ ಬಿಸಿಲಿನ ಬಗ್ಗೆ ಹೊಸದಾಗಿ ಹೇಳುವುದೇನಿದೆ. ಸೇಡಂ ರಸ್ತೆಯ ಒಂದು ಹಾಲ್‌ನಲ್ಲಿ ರ‍್ಯಾಪಿಡ್ ಚೆಸ್ ಟೂರ್ನಿ, ಅಂದರೆ ಕಡಿಮೆ ಸಮಯದ ಆಟಗಳ ಟೂರ್ನಿ, ನಡೆದಿತ್ತು. ಮೇಲೆ ಫ್ಯಾನ್‌ಗಳು ತಿರುಗುತ್ತಿದ್ದವು, ಕೆಳಗೆ ಬರುತ್ತಿದ್ದದ್ದು ಬಿಸಿಗಾಳಿ. ನಾಲ್ಕನೇ ಸುತ್ತಿನಲ್ಲಿ ನನ್ನೆದುರು ಕೂತವನು ಆಳಂದ ಕಡೆಯ ಒಬ್ಬ ಹುಡುಗ. ಹನ್ನೆರಡು ವರ್ಷ ಇರಬಹುದು. ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ಅವನಪ್ಪ ಬಾಗಿಲಾಚೆ ಟಿಫಿನ್ ಡಬ್ಬಿ ಹಿಡಿದು ನಿಂತಿದ್ದರು. ಅರ್ಧ ಗಂಟೆಯೊಳಗೆ ಹುಡುಗ ನನ್ನನ್ನು ಸೋಲಿಸಿ ಡಬ್ಬಿಯ ಕಡೆ ಓಡಿದ.

ಸೋಲು ನನಗೇನು ಹೊಸದಲ್ಲ. ಆದರೆ ಆ ಆಟದಲ್ಲಿ ಒಂದೇ ನಡೆಯಲ್ಲಿ ನಾನು ಗೆಲ್ಲಬಹುದಿತ್ತು. ಅದು ಗೊತ್ತಾದದ್ದು ರಾತ್ರಿ ಮನೆಗೆ ಬಂದು ಫೋನಿನಲ್ಲಿ ಆಟವನ್ನು ಹಾಕಿ ನೋಡಿದಾಗ. ತಪ್ಪು ನಡೆ ಆಡಿ ಸೋತರೆ ಒಂದು ಥರದ ಸಂಕಟ. ಕೈಗೆ ಬಂದದ್ದು ಕಾಣದೇ ಸೋತರೆ ಇನ್ನೊಂದು ಥರ. ಮೊದಲನೆಯದರ ಬಗ್ಗೆ ಎಲ್ಲರೂ ಹೇಳುತ್ತಾರೆ. ನಾನು ಇಲ್ಲಿ ಹೇಳಹೊರಟದ್ದು ಹೆಚ್ಚಾಗಿ ಎರಡನೆಯದರ ಬಗ್ಗೆ.

ಮೊದಲು ಕಾಯಿಗಳ ಹೆಸರು. ನಮ್ಮ ಕಡೆ ಹಿರಿಯರು ಇಂದಿಗೂ ರಾಣಿಯನ್ನು ವಜೀರ ಅನ್ನುತ್ತಾರೆ. ಕೋಚಿಂಗ್‌ಗೆ ಹೋಗುವ ಮಕ್ಕಳ ಬಾಯಲ್ಲಿ ಕ್ವೀನ್, ರೂಕ್, ಬಿಷಪ್. ನಾನು ನಡುವಿನವನು. ಇಲ್ಲಿ ರೂಕ್ ಅಂದರೆ ಆನೆ, ಬಿಷಪ್ ಅಂದರೆ ಒಂಟೆ, ನೈಟ್ ಅಂದರೆ ಕುದುರೆ, ಪಾನ್ ಅಂದರೆ ಪ್ಯಾದೆ. ಮನೆಗಳ ಲೆಕ್ಕ ಎಲ್ಲ ಕಡೆ ಇರುವುದೇ: ಬಿಳಿಯವರ ಎಡಗೈಯಿಂದ ಉದ್ದಸಾಲುಗಳು ಎ, ಬಿ, ಸಿ ಎಂದು ಎಚ್ ವರೆಗೆ. ಅಡ್ಡಸಾಲುಗಳು ಬಿಳಿಯವರ ಕಡೆಯಿಂದ 1ರಿಂದ 8.

ಬೋರ್ಡ್ ಹತ್ತಿರ ಇದ್ದರೆ ಜೋಡಿಸಿಕೊಳ್ಳಿ. ನಾನು ಬಿಳಿ. ನನ್ನ ರಾಜ ಜಿ1, ರಾಣಿ ಇ2, ಆನೆ ಎ1, ಪ್ಯಾದೆಗಳು ಎ4, ಎಫ್2, ಜಿ2, ಎಚ್3. ಹುಡುಗ ಕಪ್ಪು. ಅವನ ರಾಜ ಜಿ8, ರಾಣಿ ಎ5, ಆನೆ ಡಿ8, ಕುದುರೆ ಬಿ6, ಪ್ಯಾದೆಗಳು ಎಫ್7, ಜಿ7, ಎಚ್7. ನನ್ನದು ಒಂದು ಕುದುರೆ ಕಡಿಮೆ. ಅಂದರೆ ಸೋಲು ಹೆಚ್ಚುಕಡಿಮೆ ಖಾತ್ರಿ. ಆಡುವ ಸರದಿ ಅವನದು. ಸುಮ್ನೆ ಕುದುರೆಯಿಂದ ಎ4ರ ಪ್ಯಾದೆ ಹೊಡೆದಿದ್ದರೆ ಸಾಕಿತ್ತು. ಆದರೆ ಅವನಿಗೆ ನನ್ನ ರಾಣಿಯನ್ನು ಅಟ್ಟಾಡಿಸುವ ಆಸೆ. ಆನೆಯನ್ನು ಡಿ8ರಿಂದ ಸರ್ರನೆ ಎಳೆದು ಡಿ2ರಲ್ಲಿ, ನನ್ನ ರಾಣಿಯ ಪಕ್ಕದಲ್ಲೇ, ಠಕ್ ಎಂದು ಇಟ್ಟ. ಗಡಿಯಾರ ಒತ್ತಿದ. ಆಮೇಲೆ ತಲೆ ಎತ್ತಿ ಫ್ಯಾನ್ ನೋಡತೊಡಗಿದ.

ಆ ಆನೆಯನ್ನು ಹೊಡೆಯುವ ಹಾಗಿಲ್ಲ, ಎ5ರಿಂದ ಅವನ ರಾಣಿ ಅದನ್ನು ಕಾಯುತ್ತಿದೆ. ನನ್ನ ರಾಣಿ ಸಾಯುತ್ತಾಳೆ, ಓಡಬೇಕು. ನಾನು ಓಡಿಸಿದೆ. ರಾಣಿ ಎಫ್3. ಹುಡುಗ ಫ್ಯಾನ್ ನೋಡುವುದು ಬಿಟ್ಟು ತಟಕ್ಕನೆ ಎಚ್7ರ ಪ್ಯಾದೆಯನ್ನು ಒಂದು ಮನೆ ಮುಂದೆ ತಳ್ಳಿದ. ತನ್ನ ರಾಜನಿಗೆ ಒಂದು ಕಿಟಕಿ ತೆಗೆದುಕೊಟ್ಟ. ಮುಂದಿನದು ಹೇಳುವಂಥದ್ದೇನಿಲ್ಲ.

ನೀವು ಆಗಲೇ ಕಂಡಿರಬಹುದು. ರಾಣಿ ಇ2ರಿಂದ ನೇರ ಇ8. ಚೆಕ್‌ಮೇಟ್. ಕಪ್ಪು ರಾಜನ ಮುಂದೆ ಅವನದೇ ಮೂರು ಪ್ಯಾದೆಗಳು ಗೋಡೆಯ ಹಾಗೆ ನಿಂತಿವೆ. ಎಫ್8ಕ್ಕೆ ಬಂದು ಅಡ್ಡ ನಿಲ್ಲಲು ಯಾವ ಕಾಯಿಗೂ ಆಗುವುದಿಲ್ಲ. ಇ8ನ್ನು ಕಾಯುತ್ತಿದ್ದದ್ದು ಒಂದೇ ಕಾಯಿ, ಡಿ8ರ ಆನೆ. ಅದು ಈಗ ನನ್ನ ರಾಣಿಯ ಪಕ್ಕದಲ್ಲಿ ಕೂತಿದೆ.

ಇದು ಚೆಸ್ ಕಲಿತ ಮೊದಲ ತಿಂಗಳಲ್ಲೇ ಹೇಳಿಕೊಡುವ ಮೇಟ್. ಬೇರೆ ಯಾರಾದರೂ ಇದನ್ನು ಪಜಲ್ ಎಂದು ಕೊಟ್ಟಿದ್ದರೆ ಎರಡು ಸೆಕೆಂಡಿನಲ್ಲಿ ಹೇಳುತ್ತಿದ್ದೆ. ಆಟದಲ್ಲಿ ಯಾಕೆ ಕಾಣಲಿಲ್ಲ? ಕಣ್ಣು ಅದೇ, ತಲೆ ಅದೇ, ಬೋರ್ಡೂ ಅದೇ ಅಲ್ವಾ?

ಆ ರಾತ್ರಿ ಫೋನ್ ಏನು ಹೇಳಿತು ಅಂತ ಮೊದಲು ನೋಡೋಣ. ಈಗ ಯಾರು ಬೇಕಾದರೂ ತಮ್ಮ ಆಟವನ್ನು ಲಿಚೆಸ್‌ನಂಥ ತಾಣಕ್ಕೆ ಹಾಕಿ ದುಡ್ಡಿಲ್ಲದೆ ತಪಾಸಣೆ ಮಾಡಿಸಿಕೊಳ್ಳಬಹುದು. ಅದರ ಹಿಂದೆ ಕೆಲಸ ಮಾಡುವುದು ಸ್ಟಾಕ್‌ಫಿಶ್ ಎಂಬ ಎಂಜಿನ್, ಅಂದರೆ ನಡೆಗಳ ಲೆಕ್ಕ ಹಾಕುವ ಸಾಫ್ಟ್‌ವೇರ್. 2008ರಲ್ಲಿ ಶುರುವಾದದ್ದು, ಇವತ್ತು ಯಾವ ವಿಶ್ವ ಚಾಂಪಿಯನ್ನೂ ಅದನ್ನು ಸೋಲಿಸಲಾರ. ಎಂಜಿನ್ ಪ್ರತಿ ನಡೆಗೂ ಒಂದು ಅಂಕಿ ಕೊಡುತ್ತದೆ. ಒಂದು ಪ್ಯಾದೆಯ ಬೆಲೆ 1 ಎಂದು ಇಟ್ಟುಕೊಂಡ ಲೆಕ್ಕ ಅದು. ಕುದುರೆ, ಒಂಟೆಗೆ ಸುಮಾರು 3, ಆನೆಗೆ 5, ರಾಣಿಗೆ 9 ಎಂಬ ಹಳೆಯ ಅಳತೆ ಗೊತ್ತಲ್ಲ, ಅದರ ಜೊತೆಗೆ ಕಾಯಿಗಳು ಎಲ್ಲಿ ನಿಂತಿವೆ, ರಾಜ ಎಷ್ಟು ಭದ್ರ ಎಂಬುದೆಲ್ಲ ಸೇರಿ ಬರುವ ಅಂಕಿ. ಪ್ಲಸ್ ಇದ್ದರೆ ಬಿಳಿಗೆ ಅನುಕೂಲ, ಮೈನಸ್ ಇದ್ದರೆ ಕಪ್ಪಿಗೆ.

ಒಂದು ನಡೆ ಆಡಿದ ಮೇಲೆ ಆ ಅಂಕಿ ಎಷ್ಟು ಬಿತ್ತು ಎಂಬುದರ ಮೇಲೆ ತಪ್ಪಿನ ಗಾತ್ರ ನಿರ್ಧಾರವಾಗುತ್ತದೆ. ಚೆಸ್ ಪುಸ್ತಕಗಳಲ್ಲಿ ಬಹಳ ಕಾಲದಿಂದ ಇರುವ ಗುರುತುಗಳನ್ನೇ ಇಲ್ಲೂ ಹಾಕುತ್ತಾರೆ: ತಪ್ಪಿಗೆ ಒಂದು ಪ್ರಶ್ನೆ ಚಿಹ್ನೆ, ಘೋರ ತಪ್ಪಿಗೆ ಎರಡು. ಎರಡು ಬಿದ್ದರೆ ಅದೇ ಬ್ಲಂಡರ್. ಆದರೆ ಬರೀ ಅಂಕಿ ನಂಬುವ ಹಾಗಿಲ್ಲ. +9ರಿಂದ +5ಕ್ಕೆ ಇಳಿದರೆ ನಾಲ್ಕು ಹೋಯಿತು, ಆದರೂ ಗೆಲುವು ಗೆಲುವೇ. +1ರಿಂದ –1ಕ್ಕೆ ಇಳಿದರೆ ಹೋದದ್ದು ಎರಡೇ, ಆಟ ಮಾತ್ರ ಕೈಬಿಟ್ಟಿತು. ಅದಕ್ಕೇ ಈ ತಾಣಗಳು ಅಂಕಿಯನ್ನು ಗೆಲ್ಲುವ ಸಾಧ್ಯತೆಗೆ ಬದಲಾಯಿಸಿಕೊಂಡು, ಆ ಸಾಧ್ಯತೆ ಎಷ್ಟು ಕುಸಿಯಿತು ಎಂದು ನೋಡುತ್ತವೆ. ಚೆಸ್ ಡಾಟ್ ಕಾಮ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಿಕ್ಕ ಅವಕಾಶ ಬಿಟ್ಟರೆ ಅದಕ್ಕೆ ‘ಮಿಸ್’ ಎಂಬ ಬೇರೆಯೇ ಗುರುತು ಹಾಕುತ್ತದೆ. ಒಳ್ಳೆಯ ಯೋಚನೆ. ತಪ್ಪೂ ಮಿಸ್ಸೂ ಒಂದೇ ಜಾತಿಯವಲ್ಲ.

ಇಡೀ ಆಟದ ಅಂಕಿಗಳನ್ನು ಸೇರಿಸಿ ಒಂದು ಗೆರೆ ಬರೆದು ತೋರಿಸುತ್ತಾರೆ. ನನ್ನ ಆಟದ ಗೆರೆ ಮಧ್ಯದಿಂದ ಕೆಳಕ್ಕೆ ಜಾರಿ ತಳದಲ್ಲೇ ಹರಿಯುತ್ತಿತ್ತು. ಒಂದು ಕಡೆ ಮಾತ್ರ ಜಾಲಿ ಮುಳ್ಳಿನ ಹಾಗೆ ಚೂಪಾಗಿ ಮೇಲೆದ್ದು, ಮರುಕ್ಷಣವೇ ಕೆಳಗೆ ಬಿದ್ದಿತ್ತು. ಏರಿದ ಗೆರೆ ಹುಡುಗನ ಬ್ಲಂಡರ್. ಇಳಿದ ಗೆರೆ ನನ್ನದು.

ನಿಮ್ಮ ಆಟದ ಗೆರೆಯಲ್ಲೂ ಇಂಥ ಮುಳ್ಳುಗಳನ್ನು ಹುಡುಕಿ. ಸಾಮಾನ್ಯವಾಗಿ ನಾವು ನೋಡುವುದು ದೊಡ್ಡ ಇಳಿಜಾರನ್ನು, ಎಲ್ಲಿ ಆಟ ಹೋಯಿತು ಎಂಬುದನ್ನು. ಮುಳ್ಳನ್ನು ದಾಟಿ ಹೋಗುತ್ತೇವೆ, ಯಾಕೆಂದರೆ ಅದರ ಮುಂಚೆಯೂ ಆಮೇಲೂ ಗೆರೆ ಒಂದೇ ಎತ್ತರದಲ್ಲಿ ಇರುತ್ತದೆ. ಏನೂ ಆಗಿಲ್ಲ ಅನಿಸುತ್ತದೆ. ಆದರೆ ಮುಳ್ಳಿನಷ್ಟು ಮಾತಾಡುವ ಜಾಗ ಇನ್ನೊಂದಿಲ್ಲ. ಎಷ್ಟೋ ಸಲ ಅಲ್ಲಿ ಇಬ್ಬರೂ ಒಂದೇ ಸಮಯಕ್ಕೆ ಒಂದೇ ವಿಷಯದಲ್ಲಿ ಮೋಸ ಹೋಗಿರುತ್ತಾರೆ. ಅವನಿಗೆ ಕಾಣದ್ದಕ್ಕೆ ಅವನು ಆಡಿದ, ನಿಮಗೆ ಕಾಣದ್ದಕ್ಕೆ ನೀವು ಬಿಟ್ಟಿರಿ. ನನ್ನ ಆಟದಲ್ಲಿ ಅಷ್ಟೂ ಸಮಾಧಾನ ಇರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಎಂಜಿನ್ ಕೆಂಪು ಗುರುತು ಹಾಕಿ, ಹಸಿರು ಬಾಣ ತೋರಿಸಿ ಸುಮ್ಮನಾಯಿತು. ಇ8, ಮೇಟ್. ಸರಿ, ಅದು ಉತ್ತರ. ನನಗೆ ಬೇಕಾಗಿದ್ದದ್ದು ಅದು ನನಗೇಕೆ ಕಾಣಲಿಲ್ಲ ಎಂಬುದು. ಅದು ಫೋನಿಗೆ ಗೊತ್ತಿರಲು ಸಾಧ್ಯವಿಲ್ಲ.

ಮರುದಿನ ಸಂಜೆ ಅಪ್ಪನ ಕೆರೆ ದಂಡೆಗೆ ಹೋದೆ. ಅಲ್ಲಿ ನಮ್ಮ ಕಾಕಾ ಬರುತ್ತಾರೆ. ತೊಗರಿ ದಾಲ್‌ಮಿಲ್ ಒಂದರಲ್ಲಿ ಲೆಕ್ಕ ಬರೆದು ರಿಟೈರ್ ಆದವರು. ಸುತ್ತಿಡುವ ಬೋರ್ಡ್ ಅವರ ಚೀಲದಲ್ಲಿ ಯಾವಾಗಲೂ ಇರುತ್ತದೆ. ಫೋನಿನಲ್ಲಿ ಚೆಸ್ ಆಡುವವರನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೆ. ಚಹಾ ತರಿಸಿ, ಬೋರ್ಡ್ ಹಾಸಿ, ನನ್ನ ಕಾಯಿಗಳನ್ನು ಜೋಡಿಸಿ ತೋರಿಸಿದೆ. ಹುಡುಗನ ಆನೆಯನ್ನು ನೇರ ಡಿ2ರಲ್ಲೇ ಇಟ್ಟಿದ್ದೆ. ಕಾಕಾ ಅದನ್ನು ಬೆರಳಿನಿಂದ ಮುಟ್ಟಿದರು.

“ಈ ಆನಿ ಎಲ್ಲಿಂದ ಬಂತು? ಅದು ಹೇಳು ಮೊದ್ಲ.”

“ಡಿ8ರಿಂದ ಕಾಕಾ.”

“ಹಂಗಾದ್ರ ಅಲ್ಲಿ ಏನ್ ಬಿಟ್ಟು ಬಂತು?”

ಅಷ್ಟೇ. ಇ8ರ ಕಡೆ ಅವರು ಕೈ ತೋರಿಸುವ ಮೊದಲೇ ನನಗೆ ಅರ್ಥವಾಯಿತು. ಹುಡುಗ ಆನೆ ಇಟ್ಟಾಗ ನಾನು ನೋಡಿದ್ದು ಆನೆ ಎಲ್ಲಿಗೆ ಬಂತು, ಯಾರನ್ನು ಹೊಡೆಯುತ್ತದೆ ಎಂಬುದನ್ನು. ಎಲ್ಲಿಂದ ಬಂತು ಅನ್ನುವುದನ್ನು ನೋಡಲೇ ಇಲ್ಲ. ಒಂದು ಕಾಯಿ ನಡೆದಾಗ ಬೋರ್ಡಿನಲ್ಲಿ ಎರಡು ಬದಲಾವಣೆ ಆಗುತ್ತವೆ. ಹೊಸ ಮನೆಯಿಂದ ಅದು ಕೆಲವು ಮನೆಗಳನ್ನು ಕಾಯತೊಡಗುತ್ತದೆ. ಹಳೆಯ ಮನೆಯಿಂದ ಕಾಯುತ್ತಿದ್ದ ಕೆಲವನ್ನು ಬಿಟ್ಟುಬಿಡುತ್ತದೆ. ಮೊದಲನೆಯದು ಸದ್ದು ಮಾಡುತ್ತದೆ. ಎರಡನೆಯದಕ್ಕೆ ಸದ್ದಿಲ್ಲ.

ಇನ್ನೂ ಒಂದು ವಿಷಯ ನೆನಪಾಯಿತು. ಎರಡು ನಡೆ ಮೊದಲು ನಾನೇ ಇ8ನ್ನು ನೋಡಿದ್ದೆ. ರಾಣಿ ಅಲ್ಲಿಗೆ ಹೋದರೆ ಚೆಕ್, ಆದರೆ ಆನೆ ಹೊಡೆಯುತ್ತದೆ, ಆಗಲ್ಲ ಅಂತ ಬಿಟ್ಟಿದ್ದೆ. ಆ ‘ಆಗಲ್ಲ’ ತಲೆಯಲ್ಲಿ ಹಾಗೇ ಉಳಿದುಕೊಂಡಿತು. ಆನೆ ಹೋದ ಮೇಲೂ ‘ಆಗಲ್ಲ’ ಹೋಗಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಇದಕ್ಕೆ ‘ಹಳೇ ಉತ್ತರ’ ಎಂದು ಹೆಸರಿಟ್ಟಿದ್ದೇನೆ. ಪ್ರಶ್ನೆ ಬದಲಾಗಿದೆ, ನಾವು ಮೊನ್ನೆಯ ಉತ್ತರವನ್ನೇ ಹಿಡಿದುಕೊಂಡು ಕೂತಿದ್ದೇವೆ.

ನನ್ನಂಥ ಸಣ್ಣ ಆಟಗಾರನಿಗೆ ಮಾತ್ರ ಇದು ಆಗುತ್ತದೆ ಅಂದುಕೊಂಡರೆ, 2014ರ ನವೆಂಬರ್‌ನಲ್ಲಿ ಸೋಚಿಯಲ್ಲಿ ನಡೆದದ್ದನ್ನು ನೋಡಬೇಕು. ವಿಶ್ವ ಚಾಂಪಿಯನ್‌ಶಿಪ್, ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ವಿಶ್ವನಾಥನ್ ಆನಂದ್. ಐದು ಆಟ ಮುಗಿದು ಇಬ್ಬರೂ ಎರಡೂವರೆ ಅಂಕದಲ್ಲಿ ಸಮ. ಆರನೇ ಆಟದಲ್ಲಿ ಕಾರ್ಲ್‌ಸನ್ ಬಿಳಿ. ರಾಣಿಗಳು ಬೇಗ ಹೋಗಿದ್ದವು. ಆನಂದ್ ತುಸು ಇಕ್ಕಟ್ಟಿನಲ್ಲಿದ್ದರು, ತಾಳ್ಮೆಯಿಂದ ಕಾಯಿಗಳನ್ನು ಹಿಂದೆ ಮುಂದೆ ಆಡಿಸುತ್ತಿದ್ದರು.

ಈ ಸ್ಥಿತಿ ಜೋಡಿಸಿಕೊಳ್ಳುವ ಶ್ರಮ ತೆಗೆದುಕೊಳ್ಳಿ, ದಂಡವಾಗುವುದಿಲ್ಲ. ಬಿಳಿ: ರಾಜ ಸಿ1, ಆನೆಗಳು ಜಿ4 ಮತ್ತು ಎಚ್5, ಒಂಟೆಗಳು ಸಿ2 ಮತ್ತು ಇ3, ಪ್ಯಾದೆಗಳು ಎ2, ಸಿ3, ಸಿ4, ಇ5, ಎಫ್2, ಜಿ2. ಕಪ್ಪು: ರಾಜ ಬಿ7, ಆನೆಗಳು ಜಿ8 ಮತ್ತು ಎಚ್8, ಕುದುರೆ ಜಿ6, ಒಂಟೆ ಸಿ6, ಪ್ಯಾದೆಗಳು ಎ5, ಬಿ6, ಸಿ5, ಇ6, ಎಫ್7, ಎಚ್6. ಬಿಳಿಯ 26ನೇ ನಡೆ.

ಮೊದಲು ಒಂದು ಪ್ರಯೋಗ ಮಾಡಿ. ಬಿಳಿ ರಾಜ ಸಿ1ರಲ್ಲೇ ಇರಲಿ, ಸರದಿ ಕಪ್ಪಿನದು ಅಂದುಕೊಳ್ಳಿ. ಕುದುರೆಯಿಂದ ಇ5ರ ಪ್ಯಾದೆ ಹೊಡೆದರೆ? ಕುದುರೆ ಜಿ ಸಾಲಿನಿಂದ ಸರಿಯಿತು, ಆನೆಗೆ ಆನೆ ಎದುರಾಯಿತು. ಬಿಳಿ ಆನೆ ಜಿ8ರ ಆನೆಯನ್ನು ಹೊಡೆಯುತ್ತದೆ. ಕಪ್ಪು ತಿರುಗಿ ಹೊಡೆದರೆ ಎಚ್5ರ ಬಿಳಿ ಆನೆ ಇ5ರ ಕುದುರೆಯನ್ನು ನುಂಗುತ್ತದೆ. ಕುದುರೆಯನ್ನು ಉಳಿಸಿಕೊಳ್ಳಲು ಸಿ4ಕ್ಕೆ ಹಾರಿಸಿದರೆ ಎಚ್8ರ ಆನೆಯೂ ಹೋಗುತ್ತದೆ. ಅಂದರೆ ಆಗಲ್ಲ. ಉತ್ತರ ಸರಿ.

ಈಗ ಕಾರ್ಲ್‌ಸನ್ ಆಡಿದ ನಡೆ ಆಡಿ. ರಾಜ ಸಿ1ರಿಂದ ಡಿ2. ಒಂದೇ ಹೆಜ್ಜೆ. ಮತ್ತೆ ಅದೇ ಕುದುರೆ ಇ5. ಬಿಳಿ ಆನೆ ಜಿ8ರಲ್ಲಿ ಹೊಡೆಯುತ್ತದೆ. ಕುದುರೆ ಸಿ4ರ ಪ್ಯಾದೆಯನ್ನು ಹೊಡೆಯುತ್ತದೆ, ಈ ಸಲ ಚೆಕ್! ರಾಜ ಡಿ2ರಲ್ಲಿ ಇರುವುದರಿಂದ ಚೆಕ್. ರಾಜ ಮೊದಲು ಸರಿಯಬೇಕು, ಎಚ್8ರ ಆನೆಯನ್ನು ಹೊಡೆಯಲು ಪುರಸೊತ್ತಿಲ್ಲ. ರಾಜ ಡಿ3ಕ್ಕೆ ಹೋಗಿ ಕುದುರೆಯನ್ನೇ ಮುಟ್ಟಿದರೂ ಕುದುರೆ ಬಿ2ಕ್ಕೆ ಹಾರಿ ಮತ್ತೊಂದು ಚೆಕ್ ಕೊಡುತ್ತದೆ. ಆಮೇಲೆ ಕಪ್ಪು ಆರಾಮವಾಗಿ ಜಿ8ರಲ್ಲಿ ಆನೆ ವಾಪಸ್ ಪಡೆಯುತ್ತದೆ. ಎರಡು ಪ್ಯಾದೆ ಲಾಭ, ಜಿ2ರದ್ದೂ ಬಾಯಿಗೆ ಬಂದು ನಿಂತಿದೆ.

ಆನಂದ್ ಹೆಚ್ಚು ಯೋಚಿಸದೆ ಎ5ರ ಪ್ಯಾದೆಯನ್ನು ಎ4ಕ್ಕೆ ತಳ್ಳಿದರು. ಅವಕಾಶ ಮುಗಿಯಿತು. 38ನೇ ನಡೆಯಲ್ಲಿ ಸೋಲೊಪ್ಪಿದರು. ಆ ಪಂದ್ಯ ಕೊನೆಗೆ ಆರೂವರೆ–ನಾಲ್ಕೂವರೆಯಲ್ಲಿ ಕಾರ್ಲ್‌ಸನ್ ಪಾಲಾಯಿತು.

ಐದು ಸಲ ವಿಶ್ವ ಪ್ರಶಸ್ತಿ ಗೆದ್ದವರಿಗೆ ಎರಡು ನಡೆಯ ಲೆಕ್ಕ ಬರುವುದಿಲ್ಲವೇ? ಬರುತ್ತದೆ. ಆಟ ಮುಗಿದ ಮೇಲೆ ಆನಂದ್ ಹೇಳಿದ್ದರ ತಾತ್ಪರ್ಯ ಇಷ್ಟೇ: ಉಡುಗೊರೆ ಬರುತ್ತದೆ ಅಂತ ಕಾಯದೇ ಇದ್ದಾಗ ಅದು ಬಂದರೂ ತೆಗೆದುಕೊಳ್ಳುವುದು ಮರೆತುಹೋಗುತ್ತದೆ. ನನ್ನ ಓದಿನಲ್ಲಿ ಇಲ್ಲೂ ಇರುವುದು ಹಳೇ ಉತ್ತರವೇ. ಇ5ರ ಪ್ಯಾದೆ ಮುಟ್ಟುವಂಥದ್ದಲ್ಲ ಎಂಬುದು ಆ ಆಟದಲ್ಲಿ ಒಂದು ನಡೆ ಹಿಂದಿನವರೆಗೂ ನಿಜವಾಗಿತ್ತು. ನಿಜ ಸುಳ್ಳಾದದ್ದು ಎದುರಾಳಿಯ ರಾಜನ ಒಂದು ಸಣ್ಣ ಹೆಜ್ಜೆಯಿಂದ. ಮೇಲಾಗಿ ಆಡಿದವನು ಕಾರ್ಲ್‌ಸನ್. ಕಾರ್ಲ್‌ಸನ್ ಆಡಿದ್ದಾನೆ ಅಂದರೆ ನೋಡಿಯೇ ಆಡಿರುತ್ತಾನೆ ಎಂಬ ನಂಬಿಕೆಯೂ ಕಣ್ಣಿಗೆ ಪಟ್ಟಿ ಕಟ್ಟುತ್ತದೆ. ನಮ್ಮ ಟೂರ್ನಿಗಳಲ್ಲೂ ಹಾಗೇ. ಎದುರಿಗೆ ರೇಟಿಂಗ್ ಜಾಸ್ತಿ ಇರುವವರು ಕೂತರೆ ಅವರ ತಪ್ಪುಗಳು ನಮಗೆ ಉಪಾಯದ ಹಾಗೆ ಕಾಣುತ್ತವೆ.

ಈ ಕುರುಡುತನವನ್ನು ಪ್ರಯೋಗಶಾಲೆಯಲ್ಲಿ ಹಿಡಿದವರೂ ಇದ್ದಾರೆ. ಮೆರಿಮ್ ಬಿಲಾಲಿಚ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಒಳ್ಳೆಯ ಆಟಗಾರರಿಗೆ ಒಂದು ಸ್ಥಿತಿ ಕೊಟ್ಟರು. ಅದರಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಮೇಟ್ ಇತ್ತು, ಅದಕ್ಕಿಂತ ಚಿಕ್ಕದಾದ, ಅಷ್ಟು ಪರಿಚಯವಿಲ್ಲದ ಇನ್ನೊಂದು ಮೇಟ್ ಸಹ ಇತ್ತು. ಆಟಗಾರರು ಗೊತ್ತಿರುವುದನ್ನು ತಟ್ಟನೆ ಕಂಡರು. ಇದಕ್ಕಿಂತ ಚಿಕ್ಕದು ಹುಡುಕಿ ಎಂದಾಗ, ಹುಡುಕುತ್ತಿದ್ದೇವೆ ಎಂದರು. ಆದರೆ ಕಣ್ಣಿನ ಚಲನೆ ಹಿಡಿಯುವ ಕ್ಯಾಮೆರಾ ಬೇರೆಯೇ ಹೇಳಿತು. ಅವರ ಕಣ್ಣು ಮತ್ತೆ ಮತ್ತೆ ಮೊದಲ ಉತ್ತರದ ಮನೆಗಳ ಮೇಲೇ ಹೋಗಿ ಕೂರುತ್ತಿತ್ತು. ಮೊದಲ ಉತ್ತರವನ್ನು ಸ್ಥಿತಿಯಿಂದ ತೆಗೆದುಹಾಕಿದಾಗ ಚಿಕ್ಕದು ಕಂಡಿತು. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ನಿಜವಾಗಿಯೂ ಹುಡುಕುತ್ತಿದ್ದೇವೆ ಅಂತಲೇ ಅವರು ನಂಬಿದ್ದರು. ಹಾಗಾಗಿ ‘ಇನ್ನೂ ಗಮನ ಕೊಟ್ಟು ಆಡು’ ಎಂದು ಮಕ್ಕಳಿಗೆ ಬೈಯುವುದರಿಂದ ಏನೂ ಆಗುವುದಿಲ್ಲ. ಗಮನ ಇತ್ತು. ಅದು ಕೂತ ಜಾಗ ತಪ್ಪು.

ಪರಿಚಯವಿಲ್ಲದ ಆಕಾರವೂ ಹೀಗೇ ಕೈಕೊಡುತ್ತದೆ. 2006ರಲ್ಲಿ ಬಾನ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ವ್ಲಾಡಿಮಿರ್ ಕ್ರಾಮ್ನಿಕ್ ‘ಡೀಪ್ ಫ್ರಿಟ್ಜ್’ ಎಂಬ ಕಂಪ್ಯೂಟರ್ ಪ್ರೋಗ್ರಾಮ್ ಜೊತೆ ಆಡುತ್ತಿದ್ದರು. ಎರಡನೇ ಆಟದಲ್ಲಿ ತಮ್ಮ ರಾಜನ ಮೇಲೇ ಬರಲಿದ್ದ ಒಂದೇ ನಡೆಯ ಮೇಟ್ ಅವರಿಗೆ ಕಾಣಲಿಲ್ಲ. ಎಚ್7ರಲ್ಲಿ ರಾಣಿ ಬಂದು ಮೇಟ್. ರಾಣಿಗೆ ಬೆನ್ನಾಗಿ ನಿಂತದ್ದು ಎಫ್8ರ ಕುದುರೆ. ಎಚ್7ರ ಮೇಟ್ ಅಂದರೆ ಕುದುರೆ ಜಿ5ರಲ್ಲೋ ಎಫ್6ರಲ್ಲೋ ಇರುವುದನ್ನು ನಾವು ನೂರಾರು ಸಲ ನೋಡಿರುತ್ತೇವೆ. ರಾಜನ ಪಕ್ಕದಲ್ಲೇ, ಕೊನೆ ಸಾಲಿನಲ್ಲಿ ಕೂತ ಕುದುರೆ ಹಿಂದಕ್ಕೆ ಎಚ್7ನ್ನು ಕಾಯುತ್ತದೆ ಎಂಬುದು ಕಣ್ಣಿಗೆ ಅಭ್ಯಾಸವಿಲ್ಲ. ಹಿಂದಕ್ಕೆ ಹೋಗುವ ನಡೆಗಳು ನಮಗೆ ಯಾವಾಗಲೂ ತಡವಾಗಿ ಕಾಣುತ್ತವೆ, ಗಮನಿಸಿ ನೋಡಿ.

ಹಾಗಾದರೆ ಸೋತ ಆಟವನ್ನು ಓದುವುದು ಹೇಗೆ? ನಾನು ಈಗ ಮಾಡುವುದನ್ನು ಹೇಳುತ್ತೇನೆ. ಇದೇ ಸರಿ ಎಂಬ ಹಠ ಇಲ್ಲ.

ಮನೆಗೆ ಬಂದ ತಕ್ಷಣ ಫೋನ್ ಮುಟ್ಟುವುದಿಲ್ಲ. ಮೊದಲು ನೋಟ್‌ಬುಕ್ಕಿನಲ್ಲಿ ಆಟವನ್ನು ಬರೆಯುತ್ತೇನೆ. ರ‍್ಯಾಪಿಡ್‌ನಲ್ಲಿ ನಡೆ ಬರೆಯುವುದು ಕಡ್ಡಾಯವಲ್ಲ, ಆದರೂ ಆದಷ್ಟು ಬರೆದುಕೊಂಡಿರುತ್ತೇನೆ. ಪ್ರತಿ ನಡೆಯ ಪಕ್ಕದಲ್ಲಿ ಆಗ ತಲೆಯಲ್ಲಿ ಏನಿತ್ತು ಎಂಬುದನ್ನು ಬರೆಯುವುದು ಮುಖ್ಯ. ಅದೂ ಆ ದಿನವೇ. ಎರಡು ದಿನ ಬಿಟ್ಟರೆ ನಮ್ಮ ನೆನಪು ನಮ್ಮ ಪರವಾಗಿ ವಕಾಲತ್ತು ಶುರುಮಾಡುತ್ತದೆ. ‘ಅದು ನನಗೆ ಕಂಡಿತ್ತು, ಆದರೆ…’ ಎಂದು. ಎಂಜಿನ್ ನೋಡಿದ ಮೇಲಂತೂ ನಿಜ ಹೇಳುವುದು ಅಸಾಧ್ಯ. ಹಸಿರು ಬಾಣ ಕಂಡ ಮೇಲೆ ಎಲ್ಲವೂ ಮೊದಲೇ ಗೊತ್ತಿದ್ದ ಹಾಗೆ ಅನಿಸುತ್ತದೆ.

ಆ ಹುಡುಗನ ಆಟದ ಪುಟದಲ್ಲಿ ನಾನು ಬರೆದದ್ದು ಹೀಗಿದೆ: ‘ರಾಣಿ ಎಫ್3. ರಾಣಿಗೆ ಹೊಡೆತ. ಓಡಿಸಿದೆ. ಹೇಗೂ ಸೋತ ಆಟ.’ ಈ ತುಂಡು ವಾಕ್ಯಗಳಲ್ಲಿ ಕೊನೆಯದೇ ನಿಜವಾದ ಕಾಯಿಲೆ. ಎಂಜಿನ್ ಅದನ್ನು ಎಂದೂ ಹೇಳುತ್ತಿರಲಿಲ್ಲ.

ಆಮೇಲೆ ಎಂಜಿನ್. ಅದರ ಎಲ್ಲ ಕೆಂಪು ಗುರುತುಗಳಿಗೂ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಹದಿನಾಲ್ಕು ನಡೆ ಆಳದಲ್ಲಿ ಅರ್ಧ ಪ್ಯಾದೆ ಲಾಭವಿತ್ತು ಎಂದು ಅದು ಹೇಳಿದರೆ ನಮಸ್ಕಾರ ಹಾಕಿ ಮುಂದೆ ಹೋಗುತ್ತೇನೆ. ಅದು ನಾನು ಬಿಟ್ಟ ಅವಕಾಶವಲ್ಲ, ನನಗೆ ಸಿಕ್ಕೇ ಇರಲಿಲ್ಲ. ನನ್ನ ಅಳತೆ ಒಂದೇ: ಈ ಸ್ಥಿತಿಯನ್ನು ಯಾರಾದರೂ ಪಜಲ್ ಎಂದು ಕೊಟ್ಟಿದ್ದರೆ ಬಿಡಿಸುತ್ತಿದ್ದೆನಾ? ಹೌದಾದರೆ ಅದು ನನ್ನ ಅವಕಾಶ, ಅದರ ಹಿಂದೆ ಹೋಗಬೇಕು. ಇಲ್ಲವಾದರೆ ಅದು ಕಲಿಯಬೇಕಾದ ಪಾಠ, ಇನ್ನೊಂದು ದಿನ ಕೂತು ಕಲಿಯಬಹುದು.

ಉಳಿದವುಗಳ ಮುಂದೆ ಕಾರಣ ಬರೆಯುತ್ತೇನೆ. ಒಂದೆರಡು ಪದ ಸಾಕು. ಕಾಣಲೇ ಇಲ್ಲ. ಕಂಡೆ, ಲೆಕ್ಕ ತಪ್ಪಿತು. ಕಂಡೆ, ಹೆದರಿದೆ. ಟೈಮ್ ಇರಲಿಲ್ಲ. ಹಳೇ ಉತ್ತರ. ಬೋರ್ಡಿನ ಮೇಲೆ ಒಂದೇ ಥರ ಕಾಣುವ ತಪ್ಪುಗಳು ಇಲ್ಲಿ ಬೇರೆಬೇರೆ ಆಗುತ್ತವೆ, ಔಷಧವೂ ಬೇರೆ. ಲೆಕ್ಕ ತಪ್ಪುವವನು ಪಜಲ್ ಬಿಡಿಸಬೇಕು, ಅದೂ ಕಾಯಿ ಮುಟ್ಟದೆ ಕೊನೆಯವರೆಗೂ ಎಣಿಸಿ. ಹೆದರುವವನಿಗೆ ಪಜಲ್‌ನಿಂದ ಏನೂ ಸಿಗುವುದಿಲ್ಲ. ಅವನಿಗೆ ಲೆಕ್ಕ ಬರುತ್ತದೆ, ಅದನ್ನು ನಂಬುವುದು ಬರುವುದಿಲ್ಲ. ಅಂಥವನು ಸೋತರೂ ಪರವಾಗಿಲ್ಲ ಎಂಬ ಆಟಗಳನ್ನು ಜಾಸ್ತಿ ಆಡಬೇಕು. ಅಪ್ಪನ ಕೆರೆ ದಂಡೆ ಅದಕ್ಕೆ ಒಳ್ಳೆಯ ಜಾಗ, ಅಲ್ಲಿ ಸೋತರೆ ಚಹಾದ ಖರ್ಚು ಮಾತ್ರ. ಟೈಮ್ ಸಾಲದವನು ಆಟದ ಮೊದಲ ಹತ್ತು ನಡೆಗಳಲ್ಲಿ ಎಷ್ಟು ನಿಮಿಷ ತಿಂದ ಎಂದು ನೋಡಿಕೊಳ್ಳಬೇಕು. ರೋಗ ಹೆಚ್ಚಾಗಿ ಅಲ್ಲೇ ಇರುತ್ತದೆ.

ಹಳೇ ಉತ್ತರಕ್ಕೆ ನನಗೆ ಸಿಕ್ಕ ಮದ್ದು ಕಾಕಾನ ಪ್ರಶ್ನೆಯೇ. ಎದುರಾಳಿ ಗಡಿಯಾರ ಒತ್ತಿದ ಮೇಲೆ, ಅವನ ಕಾಯಿ ಈಗ ನಿಂತ ಮನೆಯನ್ನು ನೋಡುವ ಮೊದಲು ಅದು ಬಿಟ್ಟುಬಂದ ಖಾಲಿ ಮನೆಯನ್ನು ನೋಡುವುದು. ಸುಲಭ ಅನಿಸುತ್ತದೆ. ಮಾಡಿ ನೋಡಿ, ಕಣ್ಣು ಮಾತು ಕೇಳುವುದಿಲ್ಲ. ನನಗೆ ಇದು ರೂಢಿಯಾಗಲು ತಿಂಗಳುಗಟ್ಟಲೆ ಹಿಡಿಯಿತು. ಈಗಲೂ ಟೈಮ್ ಐದು ನಿಮಿಷಕ್ಕಿಂತ ಕಡಿಮೆ ಆದರೆ ಮರೆತೇಹೋಗುತ್ತದೆ.

ಗೆದ್ದ ಆಟಗಳನ್ನೂ ಹೀಗೆ ಓದಬೇಕು. ಓದುವವರು ಕಡಿಮೆ. ಗೆದ್ದ ದಿನ ಸುಸಲಾ ಮಿರ್ಚಿ ತಿಂದು ಮಲಗುತ್ತೇವೆ. ಆದರೆ ಗೆದ್ದ ಆಟದಲ್ಲೂ ಮುಳ್ಳುಗಳು ಇರುತ್ತವೆ. ಎದುರಾಳಿ ನೋಡದೆ ಬಿಟ್ಟದ್ದಕ್ಕೆ ನಾವು ಉಳಿದುಕೊಂಡಿರುತ್ತೇವೆ.

ಆನಂದ್ ಬಿಟ್ಟಂಥ ಅವಕಾಶವನ್ನು ಹಿಡಿದವನ ಕಥೆಯೂ ಇದೆ. 2024ರ ಡಿಸೆಂಬರ್ 12, ಸಿಂಗಪುರ. ವಿಶ್ವ ಚಾಂಪಿಯನ್‌ಶಿಪ್, ಡಿಂಗ್ ಲಿರೆನ್ ಮತ್ತು ಡಿ. ಗುಕೇಶ್. ಹದಿಮೂರು ಆಟ ಮುಗಿದು ಆರೂವರೆ–ಆರೂವರೆ ಸಮ. ಹದಿನಾಲ್ಕನೆಯದು ಕೊನೆಯ ಆಟ. ಇಬ್ಬರ ಬಳಿಯೂ ಒಂದೊಂದು ಆನೆ, ಒಂದೊಂದು ಒಂಟೆ. ಗುಕೇಶ್ ಹತ್ತಿರ ಒಂದು ಪ್ಯಾದೆ ಜಾಸ್ತಿ. ಡ್ರಾ ಆಗುತ್ತದೆ ಎಂದೇ ನೋಡುವವರೆಲ್ಲ ಅಂದುಕೊಂಡಿದ್ದರು. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದರು. ಆನೆಗಳು ಅದಲುಬದಲಾದರೆ ಡ್ರಾ ಇನ್ನೂ ಹತ್ತಿರ ಎಂಬ ಅಂದಾಜು ಇದ್ದಿರಬೇಕು.

ಆದರೆ ಡಿಂಗ್ ಅವರ ಒಂಟೆ ಎ8ರ ಮೂಲೆಯಲ್ಲಿತ್ತು. ಮೂಲೆಯ ಒಂಟೆಗೆ ಇರುವುದು ಒಂದೇ ಓರೆದಾರಿ. ಆನೆಗಳು ಹೋದ ಮೇಲೆ ಗುಕೇಶ್ ತಮ್ಮ ಒಂಟೆಯನ್ನು ಡಿ5ರಲ್ಲಿ ಇಟ್ಟು ಆ ದಾರಿಗೇ ಅಡ್ಡ ನಿಂತರು. ಓಡಲು ಬೇರೆ ದಾರಿಯಿಲ್ಲ. ಒಂಟೆಗಳೂ ಅದಲುಬದಲಾಗಲೇಬೇಕು. ಉಳಿದದ್ದು ಬರೀ ರಾಜ ಮತ್ತು ಪ್ಯಾದೆ. ಆ ಸ್ಥಿತಿಯಲ್ಲಿ ಆ ಒಂದು ಹೆಚ್ಚಿನ ಪ್ಯಾದೆಯೇ ಗೆಲುವು. ಮೂರು ನಡೆಯಲ್ಲಿ ಡಿಂಗ್ ಕೈಚೆಲ್ಲಿದರು. 18 ವರ್ಷದ ಗುಕೇಶ್ ವಿಶ್ವ ಚಾಂಪಿಯನ್ ಆದರು.

ನನಗೆ ಇಷ್ಟವಾದದ್ದು ಆಮೇಲಿನ ಮಾತು. ಆನೆ ಎಫ್2ಕ್ಕೆ ಬಂದಾಗ ಅದು ತಪ್ಪು ಎಂದು ತಮಗೂ ತಕ್ಷಣ ಹೊಳೆಯಲಿಲ್ಲ ಎಂದು ಗುಕೇಶ್ ಹೇಳಿದರು. ಬೇರೆ ನಡೆ ಆಡುವುದರಲ್ಲಿದ್ದರಂತೆ. ಆಮೇಲೆ ಆ ಒಂಟೆ ಕಂಡಿತು. ಸೋಚಿಗೂ ಸಿಂಗಪುರಕ್ಕೂ ಇದ್ದ ವ್ಯತ್ಯಾಸ ಅಷ್ಟೇ, ಕೈ ಮುಂದೆ ಹೋಗುವ ಮುಂಚಿನ ಕೆಲವು ಕ್ಷಣ.

ಮೊನ್ನೆ ಜುಲೈನಲ್ಲಿ ಇನ್ನೊಂದು ಟೂರ್ನಿಯಲ್ಲಿ ಆಳಂದದ ಹುಡುಗ ಮತ್ತೆ ಸಿಕ್ಕ. ಈ ಸಲ ನಮ್ಮಿಬ್ಬರಿಗೆ ಆಟ ಬೀಳಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಪಕ್ಕದಲ್ಲಿ ಕೂತು ಕೇಳಿಯೇಬಿಟ್ಟೆ.

“ತಮ್ಮಾ, ಅವತ್ತು ಆನೆ ಇಟ್ಟ ಮೇಲೆ ಫ್ಯಾನ್ ಯಾಕೆ ನೋಡ್ತಿದ್ದೆ?”

ಅವನು ರೊಟ್ಟಿ ಬಾಯಲ್ಲಿಟ್ಟುಕೊಂಡೇ ನಕ್ಕ. “ಬೋರ್ಡ್ ನೋಡಿದ್ರ ನಿಮಗ ಗೊತ್ತಾಗ್ತಿತ್ತಲ್ರಿ ಅಂಕಲ್. ನನ್ನ ಕಣ್ಣು ಇ8 ಮ್ಯಾಲೇ ಹೋಗ್ತಿತ್ತು.”

ಚೀಲದಿಂದ ತನ್ನ ನೋಟ್‌ಬುಕ್ ತೆಗೆದು ಆ ಪುಟ ತೋರಿಸಿದ. ಆನೆ ಡಿ2ರ ಮುಂದೆ ಕೆಂಪು ಪೆನ್ನಿನಲ್ಲಿ ಎರಡು ಪ್ರಶ್ನೆ ಚಿಹ್ನೆ ಹಾಕಿದ್ದ. ಪಕ್ಕದ ಸಾಲಿನಲ್ಲಿ ನನ್ನ ರಾಣಿ ಎಫ್3. ಅದರ ಮುಂದೆಯೂ ಎರಡು.